ಹಗುರ ಬೈನಾಕ್ಯುಲರ್ ಮತ್ತು ಊರಿನ ಹಕ್ಕಿಗಳ ಲೆಕ್ಕ

ಜೀವವೈವಿಧ್ಯ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2002ರಲ್ಲಿ. ಪ್ರತಿ ಗ್ರಾಮ ಪಂಚಾಯತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಿ, ತನ್ನ ವ್ಯಾಪ್ತಿಯ ಗಿಡಮರ, ಪ್ರಾಣಿಪಕ್ಷಿಗಳ ಜನತಾ ದಾಖಲಾತಿಯನ್ನು ಸಿದ್ಧಪಡಿಸಬೇಕೆಂದು ಆ ವ್ಯವಸ್ಥೆ ಹೇಳುತ್ತದೆ. ಬಹುಕಾಲ ಅದು ಕಾಗದದ ಮೇಲೆಯೇ ಉಳಿಯಿತು. ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿಯ ಗಡುವು ವಿಧಿಸಿ, ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದು ಎಚ್ಚರಿಸಿದಾಗ ದೇಶದಾದ್ಯಂತ ದಾಖಲಾತಿಗಳು ಅವಸರದಲ್ಲಿ ತಯಾರಾದವು. ಆ ಅವಸರದ ಬಗ್ಗೆ ಸಾಕಷ್ಟು ಟೀಕೆಯೂ ಕೇಳಿಬಂದಿದೆ. ಪುಸ್ತಕವೇನೋ ಕಪಾಟಿನಲ್ಲಿ ಕುಳಿತಿದೆ. ಅದರಲ್ಲಿ ಹಕ್ಕಿಗಳ ಪುಟವನ್ನು ಬರೆದವರು ಯಾರು, ಯಾವ ಋತುವಿನಲ್ಲಿ ನೋಡಿ ಬರೆದರು, ಎಷ್ಟು ಸಲ ನೋಡಿದರು ಎಂಬ ಪ್ರಶ್ನೆಗಳನ್ನು ಮಲೆನಾಡಿನ ಹಳ್ಳಿಗಳು ಇನ್ನು ಮೇಲಾದರೂ ಕೇಳಬೇಕಾಗಿದೆ.

ಮಲೆನಾಡಿನವರಿಗೆ ಹಕ್ಕಿಗಳ ಪರಿಚಯವಿಲ್ಲವೆಂದು ಯಾರೂ ಹೇಳಲಾರರು. ಮಂಗಟ್ಟೆ ಯಾವ ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ, ಸರಳೆ ಸಿಳ್ಳಾರ ಯಾವ ಹಳ್ಳದ ಬದಿಯಲ್ಲಿ ಮುಂಜಾವ ಸಿಳ್ಳೆ ಹಾಕುತ್ತದೆ ಎಂಬುದು ಅಲ್ಲಿನ ಹಿರಿಯರಿಗೆ ಗೊತ್ತು. ಕೊರತೆಯಿರುವುದು ಆ ತಿಳಿವಳಿಕೆಯನ್ನು ದಿನಾಂಕ, ಸ್ಥಳ, ಸಂಖ್ಯೆಗಳ ಸಮೇತ ಬರೆದಿಡುವ ರೂಢಿಯಲ್ಲಿ. ದೂರದ ಹಕ್ಕಿಯನ್ನು ಸಂಶಯವಿಲ್ಲದೆ ಗುರುತಿಸಲು ಒಂದು ಸಣ್ಣ ಉಪಕರಣವೂ ಬೇಕು. ಇತ್ತೀಚೆಗೆ ಪಕ್ಷಿವೀಕ್ಷಣೆ ಎಂದೊಡನೆ ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾ ಮತ್ತು ಮೊಳದುದ್ದದ ಮಸೂರ ಕಣ್ಣ ಮುಂದೆ ಬರುವಂತಾಗಿದೆ. ಅಷ್ಟು ಹಣ ತಮ್ಮಲ್ಲಿಲ್ಲವೆಂದು ಶಾಲೆಗಳೂ ಯುವಕ ಸಂಘಗಳೂ ಕೈಕಟ್ಟಿ ಕುಳಿತಿರುವುದು ಸರಿಯಲ್ಲ. ಮುನ್ನೂರು ಗ್ರಾಂ ತೂಕದ, ಅಂಗಿಯ ಕಿಸೆಯಲ್ಲಿ ಅಥವಾ ಪುಸ್ತಕದ ಚೀಲದಲ್ಲಿ ಹಿಡಿಸುವ ಪುಟ್ಟ ಬೈನಾಕ್ಯುಲರ್ ಈ ಕೆಲಸದ ಬಹುಪಾಲನ್ನು ನಿರ್ವಹಿಸಬಲ್ಲದು. ಇದಕ್ಕೆ ಒಳ್ಳೆಯ ದೃಷ್ಟಾಂತವು ಕಾಡಿನ ನಡುವೆ ಸಿಗುವುದಿಲ್ಲ. ಬೆಂಗಳೂರಿನ ಉತ್ತರ ಭಾಗದ ಕೆರೆಗಳ ದಂಡೆಯ ಮೇಲೆ ಸಿಗುತ್ತದೆ.

ಹೆಬ್ಬಾಳ, ಯಲಹಂಕ, ಜಕ್ಕೂರು, ರಾಚೇನಹಳ್ಳಿ, ಯಲಹಂಕದ ಪುಟ್ಟೇನಹಳ್ಳಿ: ಇವೆಲ್ಲ ಒಂದು ಕಾಲಕ್ಕೆ ಗದ್ದೆ ತೋಟಗಳಿಗೆ ನೀರುಣಿಸುತ್ತಿದ್ದ ಕೆರೆಗಳು. ಈಗ ಅವುಗಳನ್ನು ಬಡಾವಣೆಗಳೂ ಹೆದ್ದಾರಿಗಳೂ ಸುತ್ತುವರಿದಿವೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳದ ಕೆರೆಯ ಪಕ್ಕದ ರಸ್ತೆ ರಾಜ್ಯದಲ್ಲೇ ಅತ್ಯಂತ ದಟ್ಟಣೆಯ ರಸ್ತೆಗಳ ಸಾಲಿಗೆ ಸೇರಿತು. ಆದರೂ ಆ ನೀರಿನಲ್ಲಿ ಹೆಜ್ಜಾರ್ಲೆಗಳು ಇಳಿಯುತ್ತವೆ, ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ, ಗುಳುಮುಳುಕಗಳು ಮುಳುಗೇಳುತ್ತವೆ. ಈ ಭಾಗದಲ್ಲಿಯೇ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರವಿದೆ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡಗಳಿಂದ ಓದಲು ಬಂದ ವಿದ್ಯಾರ್ಥಿಗಳು ಅಲ್ಲಿಯೂ, ಯಶವಂತಪುರ, ಆರ್.ಟಿ. ನಗರಗಳ ಕೊಠಡಿಗಳಲ್ಲಿಯೂ, ಯಲಹಂಕದ ಕಾಲೇಜುಗಳ ಹಾಸ್ಟೆಲುಗಳಲ್ಲಿಯೂ ಇದ್ದಾರೆ. ಊರಿನ ಕಾಡನ್ನು ಬಿಟ್ಟು ಬಂದೆವೆಂಬ ಕೊರಗು ಅವರಲ್ಲಿ ಹಲವರಿಗೆ ಇರುವುದು ಸಹಜ. ಕಣ್ಣನ್ನು ಪಳಗಿಸಿಕೊಳ್ಳಲು ಆ ಕೆರೆಗಳಿಗಿಂತ ಉತ್ತಮ ಜಾಗ ಮಲೆನಾಡಿನಲ್ಲಿಯೂ ಸುಲಭವಾಗಿ ಸಿಗದು. ಬಯಲಿನ ನೀರಿನ ಮೇಲೆ ಹಕ್ಕಿ ಅಡಗಿಕೊಳ್ಳುವುದಿಲ್ಲ. ತಪ್ಪು ತಿದ್ದಿಕೊಳ್ಳಲು ಅದು ಸಮಯ ಕೊಡುತ್ತದೆ.

ಬೆಂಗಳೂರಿನ ಹಕ್ಕಿಗಳ ಬಗ್ಗೆ ಇಂದು ಲಭ್ಯವಿರುವ ತಿಳಿವಳಿಕೆಯಲ್ಲಿ ಹೆಚ್ಚಿನದು ಸರ್ಕಾರಿ ಸಮೀಕ್ಷೆಗಳಿಂದ ಬಂದದ್ದಲ್ಲ. 1972ರಲ್ಲಿ ಆರಂಭವಾದ ಬೆಂಗಳೂರಿನ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಯಾವ ಆಡಂಬರವೂ ಇಲ್ಲದ ಕೂಟ. ಮರದ ವಿಜ್ಞಾನಿ ಡಾ. ಜೋಸೆಫ್ ಜಾರ್ಜ್ ಅವರಂಥವರು ಅದನ್ನು ಬೆಳೆಸಿದರು. ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಸೇರಿ ಹಕ್ಕಿ ನೋಡುವುದು ಅದರ ಪರಿಪಾಠವಾಯಿತು. ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿ ಎಸ್. ಸುಬ್ರಮಣ್ಯ ಅವರೂ ಅನೇಕ ಹವ್ಯಾಸಿಗಳೂ ವರ್ಷಾನುಗಟ್ಟಲೆ ಕೆರೆಗಳನ್ನು ಸುತ್ತಿ ಟಿಪ್ಪಣಿ ಮಾಡಿಕೊಂಡರು. 1987ರಲ್ಲಿ ಏಷ್ಯಾದ ಜಲಪಕ್ಷಿ ಗಣತಿ ಆರಂಭವಾದಾಗ ಜನವರಿಯ ಚಳಿಯಲ್ಲಿ ಕೆರೆಯಿಂದ ಕೆರೆಗೆ ತಿರುಗಿ ಎಣಿಸಿದವರು ಇಂಥವರೇ. ಹೀಗೆ ಕೂಡಿದ ಟಿಪ್ಪಣಿಗಳ ಆಧಾರದ ಮೇಲೆ ಬೆಂಗಳೂರಿನ ಹಕ್ಕಿಗಳ ಸಟೀಕ ಪಟ್ಟಿಯೊಂದು 1994ರಲ್ಲಿ ಪ್ರಕಟವಾಯಿತು. ವಿದೇಶಿ ಸಾಮಗ್ರಿಯ ಆಮದಿಗೆ ನೂರೆಂಟು ಕಟ್ಟುಪಾಡುಗಳಿದ್ದ ಆ ದಶಕಗಳಲ್ಲಿ ಒಳ್ಳೆಯ ಬೈನಾಕ್ಯುಲರ್ ದೊರೆಯುವುದೇ ದುಸ್ತರವಾಗಿತ್ತು. ಅವರು ಉತ್ತಮ ಉಪಕರಣಕ್ಕಾಗಿ ಕಾದು ಕುಳಿತಿದ್ದರೆ ಆ ಪಟ್ಟಿ ಹೊರಬರುತ್ತಲೇ ಇರಲಿಲ್ಲ.

ಇನ್ನು ಉಪಕರಣದ ವಿಷಯ. ಬೈನಾಕ್ಯುಲರಿನ ಮೇಲೆ 8x25, 8x42, 10x25 ಎಂಬ ಅಂಕಿಗಳು ಇರುತ್ತವೆ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತೋರುತ್ತದೆ ಎಂಬುದು. 80 ಮೀಟರ್ ದೂರದ ಹಕ್ಕಿ ಎಂಟು ಪಟ್ಟಿನ ಗಾಜಿನಲ್ಲಿ 10 ಮೀಟರ್ ದೂರದಲ್ಲಿ ಕುಳಿತಂತೆ ಕಾಣುತ್ತದೆ. ಎರಡನೆಯ ಅಂಕಿ ಮುಂದಿನ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಗಾಜಿನಿಂದ ಹೊರಬರುವ ಬೆಳಕಿನ ವೃತ್ತದ ಅಳತೆ ಸಿಗುತ್ತದೆ. 8x25ರಲ್ಲಿ ಅದು ಸುಮಾರು 3 ಮಿ.ಮೀ., 8x42ರಲ್ಲಿ 5 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಮನುಷ್ಯನ ಕಣ್ಣಿನ ಪಾಪೆ ಪ್ರಖರ ಬಿಸಿಲಿನಲ್ಲಿ 2ರಿಂದ 3 ಮಿ.ಮೀ.ಗೆ ಕುಗ್ಗಿರುತ್ತದೆ. ಆದ್ದರಿಂದ ಬೆಳಗಿನ ಎಂಟು ಗಂಟೆಯ ಬಿಸಿಲಿನಲ್ಲಿ ಹೆಬ್ಬಾಳದ ದಂಡೆಯ ಮೇಲೆ ನಿಂತವನಿಗೆ ದೊಡ್ಡ ಗಾಜು ಕೊಡುವ ಹೆಚ್ಚುವರಿ ಬೆಳಕು ಕಣ್ಣಿನೊಳಗೆ ಹೋಗುವುದೇ ಇಲ್ಲ. 8x42ರ ತೂಕ ಸಾಮಾನ್ಯವಾಗಿ 600ರಿಂದ 800 ಗ್ರಾಂ. ಪುಟ್ಟದ್ದು 250ರಿಂದ 350 ಗ್ರಾಂ. ಎರಡು ಗಂಟೆ ಕೊರಳಿಗೆ ತೂಗುಹಾಕಿಕೊಂಡವರಿಗೆ ಈ ವ್ಯತ್ಯಾಸದ ಅರ್ಥವಾಗುತ್ತದೆ. ಭಾರವಾದದ್ದು ಕ್ರಮೇಣ ಮನೆಯಲ್ಲೇ ಉಳಿಯುತ್ತದೆ, ಕಪಾಟಿನಲ್ಲಿ ಭದ್ರವಾಗಿರುತ್ತದೆ. ಹಗುರವಾದದ್ದು ಬಸ್ಸಿನಲ್ಲಿ, ಗದ್ದೆಯಲ್ಲಿ, ಕಾಲೇಜಿಗೆ ಹೋಗುವ ದಾರಿಯಲ್ಲಿ ಜೊತೆಗಿರುತ್ತದೆ. ದಾಖಲೆಯ ದೃಷ್ಟಿಯಿಂದ ಮುಖ್ಯವಾದದ್ದು ವರ್ಷದಲ್ಲಿ ಎಷ್ಟು ದಿನ ನೋಡಲಾಯಿತು ಎಂಬ ಲೆಕ್ಕ. ಒಂದು ದಿನದ ನೋಟ ಎಷ್ಟು ಹೊಳಪಾಗಿತ್ತು ಎಂಬುದು ಆಮೇಲಿನ ಮಾತು.

ಮೂರು ಮಿಲಿಮೀಟರಿನ ಆ ಬೆಳಕಿನಲ್ಲಿ ಏನೇನು ಕಾಣುತ್ತದೆ? ಹೆಬ್ಬಾಳದ ಆಕಾಶದಲ್ಲಿ ಹದ್ದುಗಳೂ ಗರುಡಗಳೂ ಒಟ್ಟಿಗೆ ಸುತ್ತುತ್ತಿರುತ್ತವೆ. ಬೆಳೆದ ಗರುಡನ ಬಿಳಿ ತಲೆ ಮತ್ತು ಇಟ್ಟಿಗೆ ಬಣ್ಣದ ಮೈ ಎಲ್ಲರಿಗೂ ಗೊತ್ತು. ಮರಿ ಗರುಡ ಮಾತ್ರ ಹದ್ದಿನಂತೆಯೇ ಕಂದು. ಬಾಲ ನೋಡಿದರೆ ಸಂಶಯ ತೀರುತ್ತದೆ: ಹದ್ದಿನದು ಕವಲು, ಗರುಡನದು ದುಂಡು. ಜೊಂಡಿನ ಅಂಚಿನಲ್ಲಿ ಓಡಾಡುವ ಕಪ್ಪು ಕೋಳಿಗಳನ್ನೆಲ್ಲ ಊರಿನವರು ನೀರುಕೋಳಿ ಎಂದು ಒಂದೇ ಹೆಸರಿನಿಂದ ಕರೆಯುವುದುಂಟು. ಗಾಜು ಹಿಡಿದರೆ ಹಣೆಯ ಮೇಲೆ ಬಿಳಿ ಪಟ್ಟೆಯಿರುವ ನಾಮಗೋಳಿ ಬೇರೆ, ಕೊಕ್ಕಿನ ಬುಡದಿಂದ ಹಣೆಯವರೆಗೆ ಕೆಂಪಿರುವ ನೀರುಕೋಳಿ ಬೇರೆ, ಮೈಯೆಲ್ಲ ನೇರಳೆಯಾಗಿ ಕಾಲು ಕೆಂಪಾಗಿರುವ ಜಂಬುಕೋಳಿ ಬೇರೆ ಎಂಬುದು ತಿಳಿಯುತ್ತದೆ. ಇವು ಚಿಕ್ಕ ಸಂಗತಿಗಳಲ್ಲ. ಮೂರು ಜಾತಿಗಳನ್ನು ಒಂದೆಂದು ಬರೆದ ದಾಖಲಾತಿಯಲ್ಲಿ ಅವುಗಳಲ್ಲೊಂದು ಕಣ್ಮರೆಯಾದಾಗ ಅದು ಯಾರ ಗಮನಕ್ಕೂ ಬರುವುದಿಲ್ಲ.

ಹಾಗೆಂದು ಪುಟ್ಟ ಬೈನಾಕ್ಯುಲರನ್ನು ಹಾಡಿ ಹೊಗಳುವ ಅಗತ್ಯವೂ ಇಲ್ಲ. ಮೋಡ ಮುಸುಕಿದ ಸಂಜೆ, ನಿತ್ಯಹರಿದ್ವರ್ಣ ಕಾಡಿನ ಒಳಗೆ, ಕಣ್ಣಿನ ಪಾಪೆ ಐದಾರು ಮಿಲಿಮೀಟರಿಗೆ ಅಗಲಿಸುತ್ತದೆ. ಅಲ್ಲಿ 8x25ರ ನೋಟ ಮಂಕು. 42 ಮಿ.ಮೀ. ಮಸೂರವು 25ರದಕ್ಕಿಂತ ಸುಮಾರು 2.8 ಪಟ್ಟು ಬೆಳಕು ಹಿಡಿಯುತ್ತದೆ. ಕಾಕರಣೆಯಂಥ ನೆರಳಿನ ಹಕ್ಕಿಯನ್ನು ನೋಡಬಯಸುವವರು ಇದನ್ನು ತಿಳಿದಿರಬೇಕು. ಕಡಿಮೆ ತೂಕದ ಇನ್ನೊಂದು ದೋಷವೆಂದರೆ ನಡುಕ. ಭಾರವಾದ ವಸ್ತು ಕೈಯಲ್ಲಿ ಸ್ಥಿರವಾಗಿ ನಿಲ್ಲುತ್ತದೆ, ಹಗುರವಾದದ್ದು ಎದೆಬಡಿತಕ್ಕೂ ಅಲ್ಲಾಡುತ್ತದೆ. ಆದ್ದರಿಂದಲೇ 10x25ನ್ನು ಕೊಳ್ಳುವುದು ಜಾಣತನವಲ್ಲ. ಹತ್ತು ಪಟ್ಟು ಹಿಗ್ಗುವಾಗ ನಡುಕವೂ ಹತ್ತು ಪಟ್ಟು ಹಿಗ್ಗುತ್ತದೆ, ಬೆಳಕಿನ ವೃತ್ತ ಎರಡೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಮೊಣಕೈಗಳನ್ನು ಎದೆಗೆ ಒತ್ತಿ ಹಿಡಿದು, ಮರಕ್ಕೋ ಕಂಬಕ್ಕೋ ಒರಗಿ ನಿಂತರೆ ಎಂಟು ಪಟ್ಟಿನದು ಸಾಕಷ್ಟು ನಿಶ್ಚಲವಾಗುತ್ತದೆ. ಹಳ್ಳಿಯ ಸಂಘವೊಂದು ಐದು ಪುಟ್ಟ ಬೈನಾಕ್ಯುಲರುಗಳ ಜೊತೆಗೆ ಒಂದು 8x42ನ್ನು ಇಟ್ಟುಕೊಂಡರೆ ಕಾಡಿಗೂ ಕೆರೆಗೂ ಅನುಕೂಲ. ಒಬ್ಬರಿಗೆ ಒಂದೇ ಸಾಧ್ಯವೆಂದಾದರೆ, ದಟ್ಟ ಕಾಡಿನ ಊರಿನವರು ಅರ್ಧ ಕಿಲೋ ತೂಗುವ 8x32ರ ಬಗ್ಗೆ ಯೋಚಿಸಬಹುದು.

ಕ್ಯಾಮೆರಾದ ಮಾತಿಗೆ ಬರೋಣ. ಪೂರ್ಣಚಂದ್ರ ತೇಜಸ್ವಿಯವರಂಥವರು ಮೂಡಿಗೆರೆಯ ತೋಟದಲ್ಲಿ ಕುಳಿತು ಹಕ್ಕಿಗಳ ಚಿತ್ರ ತೆಗೆದು, ಕನ್ನಡದಲ್ಲಿ ಅವುಗಳ ಬಗ್ಗೆ ಬರೆದು, ಒಂದು ತಲೆಮಾರಿಗೆ ಹಕ್ಕಿಗಳನ್ನು ಪರಿಚಯಿಸಿದರು. ಅಂಥ ತಾಳ್ಮೆಯ ಛಾಯಾಗ್ರಹಣಕ್ಕೆ ಯಾರ ತಕರಾರೂ ಇರಲಾರದು. ಈಗಿನ ಪರಿಸ್ಥಿತಿ ಬೇರೆ. ವಾರಾಂತ್ಯದಲ್ಲಿ ಮಲೆನಾಡಿಗೆ ಬರುವ ಕೆಲವು ಛಾಯಾಗ್ರಾಹಕರು ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ಮೊಳಗಿಸಿ ಅದನ್ನು ಹತ್ತಿರಕ್ಕೆ ಸೆಳೆಯುತ್ತಾರೆ. ತನ್ನ ಎಲ್ಲೆಯೊಳಗೆ ಎದುರಾಳಿ ಬಂದನೆಂದು ಹಕ್ಕಿ ಗೂಡು ಬಿಟ್ಟು ಬರುತ್ತದೆ. ಗೂಡಿನ ಸುತ್ತಲಿನ ಎಲೆ ಕೊಂಬೆಗಳನ್ನು ಸರಿಸಿ ಚಿತ್ರ ತೆಗೆಯುವುದೂ ನಡೆದಿದೆ. ಅವರು ಹೋದ ಮೇಲೆ ಆ ತೆರೆದ ಗೂಡು ಕಾಗೆಗೂ ಬಿಸಿಲಿಗೂ ಸಿಗುತ್ತದೆ. ಬೈನಾಕ್ಯುಲರ್ ಹಿಡಿದವನಿಗೆ ಹಕ್ಕಿಯ ಹತ್ತಿರ ಹೋಗುವ ತುರ್ತು ಇರುವುದಿಲ್ಲ. ಅವನಿಗೆ ಬೇಕಾದದ್ದು ಗುರುತು, ಸಂಖ್ಯೆ ಮತ್ತು ನಡವಳಿಕೆ. ಮೂವತ್ತು ಗೊರವಗಳಲ್ಲಿ ಒಂದರ ಚಂದದ ಚಿತ್ರ ತೆಗೆದವನು ಉಳಿದ ಇಪ್ಪತ್ತೊಂಬತ್ತನ್ನು ಎಣಿಸಿರುವುದೇ ಅಪರೂಪ. ಮನೆಗೆ ಹೋಗಿ ಗಣಕದ ಪರದೆಯ ಮೇಲೆ ಹೆಸರು ಹುಡುಕಿದರಾಯಿತೆಂಬ ಧೈರ್ಯವೂ ಸ್ಥಳದಲ್ಲೇ ನೋಡಿ ತೀರ್ಮಾನಿಸುವ ಶಕ್ತಿಯನ್ನು ಕುಂದಿಸುತ್ತದೆ.

ಎಣಿಕೆಯಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಹೆಬ್ಬಾಳದ ಕೆರೆಯೇ ಉತ್ತರ ಹೇಳುತ್ತದೆ. ಕೆರೆಗಳ ಪುನರುಜ್ಜೀವನದ ಹೆಸರಿನಲ್ಲಿ ಹೂಳೆತ್ತಿ, ಆಳ ಮಾಡಿ, ಸುತ್ತಲೂ ಏರಿ ಎತ್ತರಿಸಿ, ನಡೆಯುವ ಹಾದಿ ಮಾಡುವ ಪದ್ಧತಿ ಬೆಂಗಳೂರಿನಲ್ಲಿ ರೂಢಿಗೆ ಬಂದಿತು. ನೋಡಲು ಚೆನ್ನಾಗಿರುತ್ತದೆ, ನೀರೂ ಹೆಚ್ಚು ನಿಲ್ಲುತ್ತದೆ. ಆದರೆ ಹಳೆಯ ಕೆರೆಗೆ ಒಂದು ಬದಿಯಲ್ಲಿ ಏರಿ, ಇನ್ನೊಂದು ಬದಿಯಲ್ಲಿ ಕ್ರಮೇಣ ಆಳವಾಗುವ ಕೆಸರಿನ ಅಂಗಳ ಇರುತ್ತಿತ್ತು. ಅಡಿ ಅರ್ಧ ಅಡಿ ನೀರಿನ ಆ ಕೆಸರಿನಲ್ಲಿ ಗೊರವಗಳು, ಕುಂಡೆಕುಸ್ಕಗಳು, ದೇವನಕ್ಕಿಗಳು ಮೇಯುತ್ತಿದ್ದವು. ಸಾರಿನ ಬಟ್ಟಲಿನಂತೆ ಸುತ್ತಲೂ ಕಡಿದಾಗಿ ಅಗೆದ ಕೆರೆಯಲ್ಲಿ ಅವುಗಳಿಗೆ ಕಾಲೂರಲು ಜಾಗವಿಲ್ಲ. ಮುಳುಗಿ ಮೀನು ಹಿಡಿಯುವ ನೀರುಕಾಗೆಗೂ ಹೆಜ್ಜಾರ್ಲೆಗೂ ತೊಂದರೆಯಿಲ್ಲ. ಬರಿಗಣ್ಣಿಗೆ ಕೆರೆಯ ತುಂಬ ಹಕ್ಕಿಗಳಿವೆ ಎಂದೇ ಕಾಣುತ್ತದೆ. ಯಾವ ಹಕ್ಕಿ ಹೋಯಿತು, ಯಾವುದು ಉಳಿಯಿತು ಎಂದು ಹೇಳಲು ಮೊದಲಿನ ವರ್ಷಗಳ ಟಿಪ್ಪಣಿ ಬೇಕು. ಟಿಪ್ಪಣಿಯಿದ್ದರೆ ಮಾತ್ರ ಒಂದು ಬದಿಯನ್ನಾದರೂ ಇಳಿಜಾರಾಗಿ ಬಿಡಿ ಎಂದು ಎಂಜಿನಿಯರರ ಮುಂದೆ ವಾದಿಸಲು ಸಾಧ್ಯ. ಮಲೆನಾಡಿನ ಊರಕೆರೆಗಳಲ್ಲಿಯೂ ಹೂಳೆತ್ತುವ ಕಾಮಗಾರಿಗಳು ಬರುತ್ತಲೇ ಇರುವುದರಿಂದ ಇದು ಬೆಂಗಳೂರಿನವರ ತಲೆನೋವು ಮಾತ್ರವಲ್ಲ.

ಅದೇ ಕೆರೆಯ ಇನ್ನೊಂದು ಪ್ರಸಂಗವೂ ನೆನಪಿಡುವಂಥದ್ದು. 2002ರಲ್ಲಿ ರಚಿತವಾಗಿದ್ದ ಕೆರೆ ಅಭಿವೃದ್ಧಿ ಪ್ರಾಧಿಕಾರವು 2006ರಲ್ಲಿ ಹೆಬ್ಬಾಳ ಕೆರೆಯನ್ನು ಖಾಸಗಿ ಹೋಟೆಲ್ ಕಂಪನಿಯೊಂದಕ್ಕೆ 15 ವರ್ಷಗಳ ಅವಧಿಗೆ ಗುತ್ತಿಗೆ ಕೊಟ್ಟಿತು. 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಸಂಸ್ಥೆಯು ಕೆರೆಗಳ ಖಾಸಗೀಕರಣವನ್ನು ಪ್ರಶ್ನಿಸಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೂಡಿತು. 2012ರಲ್ಲಿ ನ್ಯಾಯಾಲಯವು ಕೆರೆಗಳ ರಕ್ಷಣೆಗೆ ವ್ಯಾಪಕ ಆದೇಶ ನೀಡಿತು. ಕೆರೆಯು ಸಾರ್ವಜನಿಕರ ಸ್ವತ್ತು, ದನಕರುಗಳಿಗೆ ನೀರಿನ ಆಸರೆ, ವಲಸೆ ಹಕ್ಕಿಗಳ ನೆಲೆ ಎಂಬ ಮಾತುಗಳು ಆ ಚರ್ಚೆಯುದ್ದಕ್ಕೂ ಕೇಳಿಬಂದವು. ವಲಸೆ ಹಕ್ಕಿಗಳ ನೆಲೆ ಎಂದು ಘೋಷಣೆ ಕೂಗುವುದು ಸುಲಭ. ಯಾವ ಹಕ್ಕಿ, ಯಾವ ತಿಂಗಳು, ಎಷ್ಟು ಎಂದು ಮರುಪ್ರಶ್ನೆ ಬಂದಾಗ ಹಾಳೆ ತೆರೆದು ತೋರಿಸಬೇಕು. ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾದದ್ದನ್ನೂ ಇದರ ಜೊತೆಗಿಟ್ಟು ನೋಡಬೇಕು. ನಾಲ್ಕು ದಿಕ್ಕಿನಿಂದ ನಗರ ಒತ್ತುತ್ತಿರುವ ಆ ಪುಟ್ಟ ಕೆರೆಯ ಪರವಾಗಿ ಹೇಳಲು ಇದ್ದ ದೊಡ್ಡ ಮಾತೆಂದರೆ ಅಲ್ಲಿ ಬಂದು ಗೂಡುಕಟ್ಟುವ, ತಂಗುವ ಹಕ್ಕಿಗಳೇ.

ಉತ್ತರ ಬೆಂಗಳೂರಿಗೂ ಮಲೆನಾಡಿಗೂ ನಡುವೆ ಇನ್ನೊಂದು ಕೊಂಡಿಯಿದೆ. ಕರ್ನಾಟಕದಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣಗಳೆಂದು ಮೊದಮೊದಲು ಘೋಷಿತವಾದವು ನಾಲ್ಕು: ದೇವನಹಳ್ಳಿ ಬಳಿಯ ನಲ್ಲೂರಿನ ಹುಣಿಸೆ ತೋಪು 2007ರಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಹೊಗರೇಕಾನ್ ಮತ್ತು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆವರಣ 2010ರಲ್ಲಿ, ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡ 2011ರಲ್ಲಿ. ಗಣಿಗಾರಿಕೆಯ ವಿರುದ್ಧ ಮಲೆನಾಡಿನ ಜನ ದನಿಯೆತ್ತಿ ಉಳಿಸಿಕೊಂಡ ಗುಡ್ಡವೂ, ವಿಮಾನ ನಿಲ್ದಾಣದ ಹೆದ್ದಾರಿಯ ಪಕ್ಕದ ವಿಶ್ವವಿದ್ಯಾನಿಲಯದ ಮರಗಾಡೂ ಕಾನೂನಿನ ದೃಷ್ಟಿಯಲ್ಲಿ ಒಂದೇ ಪಟ್ಟಿಗೆ ಸೇರಿವೆ. ವಿಶ್ವವಿದ್ಯಾನಿಲಯದ ಆವರಣದ ಹಕ್ಕಿಗಳ ಬಗ್ಗೆ ಹಲವು ದಶಕಗಳ ಟಿಪ್ಪಣಿಯಿದೆ. ಅಂಬಾರಗುಡ್ಡದ ಅಥವಾ ಹೊಗರೇಕಾನಿನ ಸುತ್ತಲಿನ ಒಂದೊಂದು ಶಾಲೆಯಲ್ಲಿಯೂ ಅಂಥದೊಂದು ನೋಟುಬುಕ್ಕು ಇರಬೇಕೆಂದು ಬಯಸುವುದು ಅತಿಯಾಸೆಯಲ್ಲ.

ದೇಶದ ಹಕ್ಕಿಗಳ ಸ್ಥಿತಿಗತಿಯ ಕುರಿತು 2023ರಲ್ಲಿ ಪ್ರಕಟವಾದ ವರದಿಯು 30 ಸಾವಿರಕ್ಕೂ ಹೆಚ್ಚು ಹಕ್ಕಿವೀಕ್ಷಕರು ಕೊಟ್ಟ ಸುಮಾರು 3 ಕೋಟಿ ದಾಖಲೆಗಳನ್ನು ಆಧರಿಸಿ 942 ಜಾತಿಗಳನ್ನು ಪರಿಶೀಲಿಸಿತು. ಅವುಗಳಲ್ಲಿ 178 ಜಾತಿಗಳಿಗೆ ತುರ್ತು ಗಮನ ಅಗತ್ಯವೆಂದು ಹೇಳಿತು. ಇಂಥ ವರದಿಗಳ ಹಿಂದಿರುವುದು ಸಾಮಾನ್ಯರ ಟಿಪ್ಪಣಿಗಳೇ. ಆದರೆ ಸಾಮಾನ್ಯರು ಎಲ್ಲಿ ಹೆಚ್ಚು ಸೇರುತ್ತಾರೋ ಅಲ್ಲಿಯೇ ಟಿಪ್ಪಣಿಯೂ ಹೆಚ್ಚು. ನಗರದ ಕೆರೆಗಳು, ರಸ್ತೆ ಬದಿಯ ಕಾಡುಗಳು, ಪ್ರವಾಸಿ ತಾಣಗಳು ತುಂಬಿರುತ್ತವೆ. ಘಟ್ಟದ ಒಳಗಿನ ಹಳ್ಳಿಯ ಜಾಗದಲ್ಲಿ ನಕ್ಷೆ ಖಾಲಿಯಾಗಿರುತ್ತದೆ. ಖಾಲಿ ಜಾಗದಲ್ಲಿ ಹಕ್ಕಿಗಳಿಲ್ಲವೆಂದು ಯೋಜನೆಯೊಂದರ ಪರಿಸರ ಪರಿಣಾಮ ವರದಿ ಬರೆಯುವವರು ಭಾವಿಸಿದರೆ ಅವರನ್ನು ತಡೆಯುವ ಕಾಗದ ಹಳ್ಳಿಯವರ ಕೈಯಲ್ಲಿ ಇರುವುದಿಲ್ಲ. 2006ರ ಅಧಿಸೂಚನೆಯ ಪ್ರಕಾರ ನಡೆಯುವ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಜನರ ಆಕ್ರೋಶವನ್ನು ಒಂದು ಸಾಲಿನಲ್ಲಿ ಬರೆದು ಮುಗಿಸುವುದುಂಟು. ಐದು ವರ್ಷ, ತಿಂಗಳಿಗೆ ಎರಡು ಸಲ, ಒಂದೇ ದಾರಿಯಲ್ಲಿ ನಡೆದು ಬರೆದ ಪಟ್ಟಿಯನ್ನು ಲಿಖಿತ ಆಕ್ಷೇಪಣೆಯ ಜೊತೆ ಲಗತ್ತಿಸಿದರೆ ಅದನ್ನು ಹಾಗೆ ಮುಗಿಸುವುದು ಕಷ್ಟ.

ಪಟ್ಟಿ ಬರೆಯುವ ಕ್ರಮ ಸರಳ. ದಿನಾಂಕ, ಆರಂಭಿಸಿದ ಮತ್ತು ಮುಗಿಸಿದ ವೇಳೆ, ಸ್ಥಳ, ಹವೆ, ಜೊತೆಗಿದ್ದವರು, ಹಕ್ಕಿಯ ಹೆಸರು, ಸಂಖ್ಯೆ. ಗುರುತು ಸಿಗದ್ದನ್ನು ಊಹಿಸಿ ಬರೆಯಬಾರದು. ಕೊಕ್ಕು, ಕಾಲು, ಬಾಲ, ಕೂಗು ಹೇಗಿತ್ತೆಂದು ಬರೆದಿಟ್ಟರೆ ಸಾಕು. ಊರಿನಲ್ಲಿ ಬಳಕೆಯಲ್ಲಿರುವ ಹೆಸರನ್ನೇ ಮೊದಲು ಬರೆದು, ಪುಸ್ತಕದ ಹೆಸರನ್ನು ಪಕ್ಕದಲ್ಲಿ ಸೇರಿಸುವುದು ಒಳ್ಳೆಯದು. ಒಂದೇ ಹಕ್ಕಿಗೆ ಘಟ್ಟದ ಮೇಲೊಂದು, ಕೆಳಗೊಂದು ಹೆಸರಿರುತ್ತದೆ. ಅದೂ ದಾಖಲಾತಿಗೆ ಸೇರಬೇಕಾದ ಸಂಪತ್ತು. ಕೂಗು ಕೇಳಿಸಿಕೊಂಡು ಹೆಸರು ಹೇಳುವ ಮೊಬೈಲ್ ತಂತ್ರಾಂಶಗಳು ಈಗ ಬಂದಿವೆ. ಅವು ಸುಳಿವು ಕೊಡುತ್ತವೆ, ಆದರೆ ತಪ್ಪನ್ನೂ ಮಾಡುತ್ತವೆ. ಕಾಡಿನಲ್ಲಿ ಕಾಜಾಣ ಬೇರೆ ಹಕ್ಕಿಗಳ ಕೂಗನ್ನು ಅಣಕಿಸುವುದು ಮಲೆನಾಡಿನ ಮಕ್ಕಳಿಗೂ ಗೊತ್ತಿರುವ ಸಂಗತಿ. ಕಣ್ಣಾರೆ ಕಂಡದ್ದಕ್ಕೂ ಕೂಗು ಕೇಳಿ ತಿಳಿದದ್ದಕ್ಕೂ ಬೇರೆ ಬೇರೆ ಗುರುತು ಹಾಕುವುದು ಅವಶ್ಯ.

ಕೊಳ್ಳುವಾಗ ಎಚ್ಚರ ಬೇಕು. ಜಾತ್ರೆಗಳಲ್ಲಿ, ನಗರದ ಪಾದಚಾರಿ ಹಾದಿಗಳಲ್ಲಿ 30x60 ಎಂಬಂಥ ಅಂಕಿ ಬರೆದ, ಮಸೂರಕ್ಕೆ ಕೆಂಪು ಲೇಪ ಬಳಿದ ದುರ್ಬೀನುಗಳು ಅಗ್ಗಕ್ಕೆ ಸಿಗುತ್ತವೆ. ಆ ಅಂಕಿಗಳು ನಿಜವಲ್ಲ, ಆ ಕೆಂಪು ಹಕ್ಕಿಯ ಬಣ್ಣವನ್ನೇ ಕೆಡಿಸುತ್ತದೆ. ಹಿಗ್ಗುವಿಕೆಯನ್ನು ಬದಲಿಸಬಹುದಾದ ಜೂಮ್ ಮಾದರಿಗಳೂ ಬೇಡ. ಹೆಸರಾಂತ ತಯಾರಕರ ಸಾದಾ 8x21 ಅಥವಾ 8x25 ಮಾದರಿಗಳು ಕೆಲವು ಸಾವಿರ ರೂಪಾಯಿಗಳಿಗೆ ದೊರೆಯುತ್ತವೆ. ಕನ್ನಡಕ ಧರಿಸುವವರು ಕಣ್ಣಗಾಜಿನಿಂದ ಕಣ್ಣಿಗೆ ಇರಬೇಕಾದ ಅಂತರ 15 ಮಿ.ಮೀ. ಆದರೂ ಇದೆಯೇ ಎಂದು ಕೇಳಿ ನೋಡಬೇಕು. ಇಲ್ಲವಾದರೆ ನಡುವಿನ ಸಣ್ಣ ವೃತ್ತವಷ್ಟೇ ಕಾಣುತ್ತದೆ. ಕೊಂಡ ಮೇಲೆ ಮೊದಲ ಕೆಲಸ ಎರಡು ಕಣ್ಣುಗಳ ವ್ಯತ್ಯಾಸ ಸರಿಪಡಿಸುವುದು. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಂಡು, ಬಳಿಕ ಎಡಗಣ್ಣು ಮುಚ್ಚಿ ಬಲಗಡೆಯ ಉಂಗುರವನ್ನು ತಿರುಗಿಸಬೇಕು. ಇದನ್ನು ಯಾರೂ ಹೇಳಿಕೊಡದ ಕಾರಣ ತಲೆನೋವು ಬಂದು ಬೈನಾಕ್ಯುಲರನ್ನು ಮೂಲೆಗೆಸೆದವರೂ ಇದ್ದಾರೆ. ಸೂರ್ಯನ ಕಡೆಗೆ ಎಂದೂ ಹಿಡಿಯಬಾರದೆಂಬುದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಬೇಕು.

ಯಲಹಂಕದಲ್ಲಿರುವ ವಿದ್ಯಾರ್ಥಿಗಳಿಗೆ ಇನ್ನೊಂದು ಸೂಚನೆ. ಅಲ್ಲಿ ವಾಯುಪಡೆಯ ನೆಲೆಯಿದೆ. 1996ರಿಂದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುವುದೂ ಅಲ್ಲಿಯೇ. ಹದ್ದುಗಳು ವಿಮಾನಗಳಿಗೆ ಅಡ್ಡ ಬಂದಾವೆಂದು ಪ್ರದರ್ಶನದ ದಿನಗಳಲ್ಲಿ ಸುತ್ತಲಿನ ಪ್ರದೇಶದಲ್ಲಿ ಮಾಂಸ ಮಾರಾಟ ನಿಷೇಧಿಸುವುದೂ ಉಂಟು. ಕಸವನ್ನು ವರ್ಷವಿಡೀ ಸರಿಯಾಗಿ ವಿಲೇವಾರಿ ಮಾಡಿದರೆ ಆ ಕೆಲವು ದಿನಗಳ ಸಂಭ್ರಮ ಬೇಕಾಗುತ್ತಿರಲಿಲ್ಲ. ಅದಿರಲಿ, ಆ ನೆಲೆಯ ಗೋಡೆಯ ಬಳಿ ಬೈನಾಕ್ಯುಲರ್ ಎತ್ತಿ ಹಿಡಿದರೆ ಹಕ್ಕಿ ನೋಡುತ್ತಿದ್ದೆವೆಂಬ ಉತ್ತರ ಕಾವಲುಗಾರರಿಗೆ ಒಪ್ಪಿಗೆಯಾಗದು. ಕೆರೆಯಂಚಿನ ಮನೆಗಳ ಕಡೆಗೂ, ಬಟ್ಟೆ ಒಗೆಯುವವರ ಕಡೆಗೂ ಗಾಜು ತಿರುಗಿಸದಿರುವುದು ಎಲ್ಲೆಡೆಯೂ ಪಾಲಿಸಬೇಕಾದ ಮರ್ಯಾದೆ.

ಮಲೆನಾಡಿನಲ್ಲಿ ಬೈನಾಕ್ಯುಲರಿನ ನಿಜವಾದ ವೈರಿ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಮಸೂರದ ಒಳಗೆ ಬೂಸ್ಟು ಬೆಳೆದು ಜೇಡರ ಬಲೆಯಂತೆ ಹರಡುತ್ತದೆ. ಅದು ಲೇಪವನ್ನು ತಿಂದ ಮೇಲೆ ದುರಸ್ತಿಯಿಲ್ಲ. ಸಾರಜನಕ ತುಂಬಿ ಮುಚ್ಚಿದ, ನೀರು ಹೋಗದ ಮಾದರಿಗೆ ಸ್ವಲ್ಪ ಹೆಚ್ಚು ಹಣ ತೆತ್ತರೂ ನಷ್ಟವಿಲ್ಲ. ಚರ್ಮದ ಚೀಲದಲ್ಲಿ ಇಡಬಾರದು, ಚರ್ಮವೇ ತೇವ ಹಿಡಿದಿಡುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿದ್ದರೂ ಹೊಗೆಯ ಜಿಡ್ಡು ಗಾಜಿಗೆ ಕೂರುತ್ತದೆ. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಹದಿನೈದು ದಿನಕ್ಕೊಮ್ಮೆ ಪೊಟ್ಟಣ ಒಣಗಿಸಿ, ಮಳೆ ಬಿಟ್ಟ ಹೊತ್ತಿನಲ್ಲಿ ಹೊರತೆಗೆದು ಬಳಸುವುದೇ ಉಪಾಯ. ಶಾಲೆಯಲ್ಲಿ ಇದರ ಹೊಣೆಯನ್ನು ಒಬ್ಬ ಶಿಕ್ಷಕರಿಗೂ ಇಬ್ಬರು ಮಕ್ಕಳಿಗೂ ಹೆಸರು ಹೇಳಿ ಒಪ್ಪಿಸಬೇಕು. ಬೆಂಗಳೂರಿನಲ್ಲಿ ಓದುವ ಹುಡುಗ ಹುಡುಗಿಯರು ದಸರಾ ರಜೆಗೆ ಊರಿಗೆ ಬರುವಾಗ ತಮ್ಮ ಬೈನಾಕ್ಯುಲರ್ ಮತ್ತು ಟಿಪ್ಪಣಿ ಪುಸ್ತಕ ತಂದು, ಊರಿನ ಮಕ್ಕಳನ್ನು ಒಂದೆರಡು ಬೆಳಗ್ಗೆ ಕೆರೆಯ ಕಡೆ ಕರೆದೊಯ್ದರೆ ಆರಂಭಕ್ಕೆ ಅಷ್ಟು ಸಾಕು. ಚಳಿಗಾಲದ ಬಾತುಗಳು ಬರುವ ಹೊತ್ತಿಗೆ ನಿಲ್ಲುವ ಜಾಗ, ನಡೆಯುವ ದಾರಿ ನಿಶ್ಚಯವಾಗಿರಬೇಕು. ಬೆಳಗಿನ ಎಣಿಕೆಗೆ ಕೆರೆಯ ಪೂರ್ವದ ದಂಡೆ ಸೂಕ್ತ. ಬಿಸಿಲು ಬೆನ್ನ ಹಿಂದೆ ಬೀಳುವುದರಿಂದ ಮೂರು ಮಿಲಿಮೀಟರಿನ ಬೆಳಕಿನಲ್ಲೂ ಬಣ್ಣಗಳು ತಿಳಿಯಾಗಿ ಕಾಣುತ್ತವೆ.